ರೊಕ್ಕ ಬಂದ ದಿನವೂ ಕೇಳಲಿಲ್ಲ, ಹೋದ ದಿನವೂ ಕೇಳಲಿಲ್ಲ

ಗೆ,
ಮಾನ್ಯ ಸದಸ್ಯರು,
ಕರ್ನಾಟಕ ವಿಧಾನಸಭೆ ಹಾಗೂ ವಿಧಾನ ಪರಿಷತ್ತು.

ವಿಷಯ: ಎಚ್‌ಐವಿ ತಡೆ ಕೆಲಸದಲ್ಲಿ ವಿದೇಶಿ ಹಣ ತೆರವು ಮಾಡಿಹೋದ ಜಾಗವನ್ನು ರಾಜ್ಯದ ಸ್ವಂತ ಹಣದಿಂದ ತುಂಬುವ ಕುರಿತು.

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯವಳು. 2005ರಿಂದ 2015ರವರೆಗೆ ಎಚ್‌ಐವಿ ತಡೆಯುವ ಒಂದು ಯೋಜನೆಯಲ್ಲಿ ಔಟ್‌ರೀಚ್ ವರ್ಕರ್ ಆಗಿ, ಅಂದರೆ ಓಣಿ ಓಣಿಗೆ ಹೋಗಿ ಜನರನ್ನು ಕಾಣುವ ಕೆಲಸಗಾರ್ತಿಯಾಗಿ, ದುಡಿದೆ. ಕೆಲಸ ಬಿಟ್ಟ ಮೇಲೂ ಹೆಣ್ಣುಮಕ್ಕಳು ನನ್ನ ಮನೆಗೆ ಬರುವುದು ನಿಂತಿಲ್ಲ. ಒಬ್ಬಳಿಗೆ ಗುಳಿಗೆ ತಪ್ಪಿರುತ್ತದೆ, ಇನ್ನೊಬ್ಬಳಿಗೆ ಎಚ್‌ಐವಿ ಗುಳಿಗೆ ಕೊಡುವ ಎಆರ್‌ಟಿ ಸೆಂಟರಿಗೆ ಒಬ್ಬಳೇ ಹೋಗಲು ಧೈರ್ಯ ಇರುವುದಿಲ್ಲ. ಈ ಪತ್ರದ ಕೊನೆಗೆ ನನ್ನ ಹೆಸರು ಹಾಕಿಲ್ಲ. ನಮ್ಮದು ಸಣ್ಣ ಊರು. ನನ್ನ ಹೆಸರು ತಿಳಿದರೆ, ಇಪ್ಪತ್ತು ವರ್ಷದಿಂದ ನಾನು ಯಾರ್ಯಾರ ಮನೆ ಬಾಗಿಲಿಗೆ ಹೋಗಿಬರುತ್ತಿದ್ದೆನೋ ಅವರೆಲ್ಲರ ವಿಷಯವೂ ಊರಿಗೆ ತಿಳಿದಂತಾಗುತ್ತದೆ. ಹೆಸರಿಲ್ಲದ ಪತ್ರ ಎಂದು ತಾವು ಇದನ್ನು ಬದಿಗಿಡಬಾರದು ಎಂದು ಬೇಡಿಕೊಳ್ಳುತ್ತೇನೆ.

ತಮಗೇ ಏಕೆ ಬರೆಯುತ್ತಿದ್ದೇನೆ ಎಂದರೆ, ಕೆಲವು ವರ್ಷಗಳ ಹಿಂದೆ ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಕ್ಕಳ ನಮ್ಮ ಸಂಘದ ಐದಾರು ಜನ ಶಾಸಕರೊಬ್ಬರ ಮನೆಗೆ ಹೋಗಿದ್ದೆವು. ಅವರು ನಮ್ಮನ್ನು ಕೂರಿಸಿ, ಚಹಾ ಕೊಟ್ಟು, ಸಮಾಧಾನದಿಂದಲೇ ಹೇಳಿದರು: "ಏಡ್ಸ್ ಕಾರ್ಯಕ್ರಮ ದಿಲ್ಲೀದು. ಅದರ ರೊಕ್ಕಾನೂ ಅಲ್ಲಿಂದ ಬರತೈತಿ. ಅದರಾಗ ನಮ್ದೇನೈತ್ರವ್ವ?" ಅಂದು ಉತ್ತರ ಕೊಡಲು ನಮ್ಮ ಬಾಯಿ ಬರಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಋಣದ ಮಾತು. ಹೊರಗಿನ ಹಣ ಬಂದದ್ದರಿಂದ ನಮ್ಮ ಭಾಗದ ಎಷ್ಟೋ ಜನ ಇವತ್ತು ಉಸಿರಾಡುತ್ತಿದ್ದಾರೆ. 2003ರಲ್ಲಿ ನಮ್ಮ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ರಕ್ತ ಪರೀಕ್ಷೆ ಮಾಡಿದ ಸಮೀಕ್ಷೆಯಲ್ಲಿ ಶೇ 2.9ರಷ್ಟು ವಯಸ್ಕರಿಗೆ ಎಚ್‌ಐವಿ ಇರುವುದು ಕಂಡುಬಂತು. ಜಾತ್ರೆಯ ಪಂಕ್ತಿಯಲ್ಲಿ ನೂರು ಜನ ಊಟಕ್ಕೆ ಕುಳಿತರೆ ಅವರಲ್ಲಿ ಮೂವರು. ಆ ದಿನಗಳಲ್ಲಿ ಅದಕ್ಕೆ ನಮ್ಮ ಕಡೆ ಹೆಸರೇ ಇರಲಿಲ್ಲ, 'ದೊಡ್ಡ ಜಡ್ಡು' ಅಷ್ಟೇ. ಗೋವಾಕ್ಕೋ ರತ್ನಾಗಿರಿಗೋ ದುಡಿಯಲು ಹೋದ ಗಂಡಸು ಸೊರಗಿ ಬರುತ್ತಿದ್ದ, ಆರು ತಿಂಗಳಲ್ಲಿ ಹೋಗುತ್ತಿದ್ದ. ವರ್ಷ ಕಳೆಯುವಷ್ಟರಲ್ಲಿ ಅವನ ಹೆಂಡತಿಗೂ ಕೆಮ್ಮು ಶುರುವಾಗುತ್ತಿತ್ತು. ದೇವದಾಸಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ, ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಪ್ರತಿ ತಾಲ್ಲೂಕಿನಲ್ಲಿ ಇದ್ದರು. ಅವರ ಕೇರಿಗಳಲ್ಲಿ ಒಂದೇ ವರ್ಷ ಮೂರು ನಾಲ್ಕು ಹೆಣ ಎತ್ತಿದ್ದನ್ನು ನಾನು ಕಂಡಿದ್ದೇನೆ. ಹೆಣ ತೊಳೆಯಲು ಯಾರೂ ಮುಂದೆ ಬರುತ್ತಿರಲಿಲ್ಲ.

ಆಗ ಒಂದೊಂದು ರಾಜ್ಯ ಒಂದೊಂದು ದೇಶದ ದಾನದ ಪಾಲಿಗೆ ಬಂದಿತ್ತು. ತಮಿಳುನಾಡು, ಮಹಾರಾಷ್ಟ್ರಗಳಿಗೆ ಅಮೆರಿಕದ ಯುಎಸ್‌ಏಡ್. ಆಂಧ್ರ, ಒಡಿಶಾಗಳಿಗೆ ಬ್ರಿಟನ್ನಿನ ಡಿಎಫ್‌ಐಡಿ. ಕರ್ನಾಟಕ ಮತ್ತು ರಾಜಸ್ಥಾನಗಳಿಗೆ ಕೆನಡಾ. 2001ರಲ್ಲಿ ಶುರುವಾದ ಭಾರತ–ಕೆನಡಾ ಯೋಜನೆ (ನಾವೆಲ್ಲ ಅದನ್ನು ಐಚಾಪ್ ಎನ್ನುತ್ತಿದ್ದೆವು) ನಮ್ಮ ಜಿಲ್ಲೆಯಲ್ಲೇ ಮಾದರಿ ಕೆಲಸ ಮಾಡಿತು. 2003ರಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ 'ಆವಾಹನ್' ಆರು ರಾಜ್ಯಗಳಲ್ಲಿ ಆರಂಭವಾಯಿತು, ಅದರಲ್ಲಿ ಕರ್ನಾಟಕವೂ ಒಂದು. ಹತ್ತು ವರ್ಷದಲ್ಲಿ ಅದು ವೆಚ್ಚಕ್ಕಿಟ್ಟ ಹಣ 33 ಕೋಟಿ ಡಾಲರಿಗೂ ಹೆಚ್ಚು. 2006ರಿಂದ 2011ರವರೆಗೆ ಯುಎಸ್‌ಏಡ್ ಹಣದ 'ಸಮಸ್ತ' ಯೋಜನೆಯೂ ರಾಜ್ಯದಲ್ಲಿ ನಡೆಯಿತು. ದೇಶದ ಏಡ್ಸ್ ನಿಯಂತ್ರಣ ಕಾರ್ಯಕ್ರಮವೇ 1992ರಲ್ಲಿ ವಿಶ್ವಬ್ಯಾಂಕಿನ 8.4 ಕೋಟಿ ಡಾಲರ್ ಹಣದಿಂದ ಆರಂಭವಾದದ್ದು. ಅದು ಸಾಲ, ದೇಶ ತೀರಿಸಬೇಕಾದ ಹಣ. ನಮ್ಮ ಸಂಘದ ಹೆಣ್ಣುಮಕ್ಕಳಿಗೆ ಇದನ್ನು ಹೇಳಿದಾಗ ಒಬ್ಬಾಕೆ, "ಹಂಗಾದ್ರ ನಮ್ಮ ಮೊಮ್ಮಕ್ಕಳು ಇದನ್ನ ಮುಟ್ಟಸಬೇಕೇನ್ರಿ?" ಎಂದು ಕೇಳಿದ್ದಳು.

ಆ ಹಣ ಏನು ಮಾಡಿತು ಎಂಬುದನ್ನು ವರದಿಗಳು ತಮಗೆ ಹೇಳಿರಬಹುದು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆವಾಹನ್ ಯೋಜನೆಯ ಮೊದಲ ಐದು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಸೋಂಕು ತಪ್ಪಿತೆಂದು ಅಂದಾಜು ಮಾಡಿತು. ನಾನು ಕಂಡದ್ದನ್ನು ಹೇಳುತ್ತೇನೆ.

ನಾನು ಕಂಡದ್ದು ಒಂದು ಕೋಣೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ, ಎರಡು ಕಿಟಕಿಯ ಒಂದು ಬಾಡಿಗೆ ಕೋಣೆ. ಡ್ರಾಪ್-ಇನ್ ಸೆಂಟರ್ ಎಂದು ಅದರ ಹೆಸರು, ಹೆಣ್ಣುಮಕ್ಕಳ ಬಾಯಲ್ಲಿ ಅದು 'ಸೆಂಟರ್'. ಜಮಖಾನೆ, ಕನ್ನಡಿ, ಬಚ್ಚಲು, ಒಂದು ಗಡಿಗೆ ನೀರು. ರಾತ್ರಿಯಿಡೀ ನಿದ್ದೆಗೆಟ್ಟವರು ಬೆಳಗ್ಗೆ ಬಂದು ಸ್ನಾನ ಮಾಡಿ, ಮಧ್ಯಾಹ್ನದವರೆಗೆ ಮಲಗಿ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆ ಸೇರುತ್ತಿದ್ದರು. ಯಾರೂ ತಮ್ಮನ್ನು ಎಬ್ಬಿಸದ ಜಾಗ ಅದೊಂದೇ ಎಂದು ಅವರು ಹೇಳುತ್ತಿದ್ದರು. ಮೊದಲ ಮೂರು ತಿಂಗಳು ಅಲ್ಲಿ ನಾವು ಕಾಂಡೋಮ್ ಮಾತೇ ಎತ್ತಲಿಲ್ಲ. ಎತ್ತಿದ್ದರೆ ಅವರು ಬರುತ್ತಲೇ ಇರಲಿಲ್ಲ. ನಾಲ್ಕನೇ ತಿಂಗಳು ಅವರೇ ಕೇಳಿದರು.

ನಾನು ಕಂಡದ್ದು ಒಂದು ನಕ್ಷೆ. ಊರಿನ ಯಾವ ಮೂಲೆಯಲ್ಲಿ ಯಾರು ಯಾವ ಹೊತ್ತಿಗೆ ನಿಲ್ಲುತ್ತಾರೆ, ಕಬ್ಬು ಕಟಾವಿನ ಸೀಸನ್ನಿನಲ್ಲಿ ಸಕ್ಕರೆ ಕಾರ್ಖಾನೆಯ ಗೇಟಿನ ಬಳಿ ಎಷ್ಟು ಗ್ಯಾಂಗ್ ಇಳಿಯುತ್ತವೆ, ಯಾವ ಢಾಬಾದ ಮಾಲೀಕ ಸುರಕ್ಷಿತ, ಯಾವ ದಾರಿಯಲ್ಲಿ ಕತ್ತಲಾದ ಮೇಲೆ ಹೋಗಬಾರದು ಎಂಬುದನ್ನೆಲ್ಲ ಅಕ್ಷರ ಬಾರದ ಹೆಣ್ಣುಮಕ್ಕಳು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆದರು. ಆಮೇಲೆ ಅದನ್ನು ಹಾಳೆಗೆ ಇಳಿಸಿದೆವು. ತನ್ನಂಥವರಿಗೇ ತಿಳಿಹೇಳುವ ಪ್ರತಿ ಪಿಯರ್ ಎಜುಕೇಟರ್‌ಗೆ ಐವತ್ತು–ಅರವತ್ತು ಗೆಳತಿಯರ ಹೊಣೆ. ಓದಲು ಬಾರದವರಿಗಾಗಿ ಅವರ ಹಾಳೆಯಲ್ಲಿ ಎಲ್ಲವೂ ಚಿತ್ರದಲ್ಲಿ. ಬಾಗಲಕೋಟೆಯಂಥ ಜಿಲ್ಲೆಯ ಹೆಣ್ಣುಮಗಳೊಬ್ಬಳು ತನ್ನ ಕೆಲಸದ ಲೆಕ್ಕವನ್ನು ತಾನೇ ಇಟ್ಟು ಮೀಟಿಂಗಿನಲ್ಲಿ ಎದ್ದು ನಿಂತು ವಿವರಿಸುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ.

ನಾನು ಕಂಡದ್ದು ಒಂದು ಫೋನು. ಯಾರಿಗಾದರೂ ಪೊಲೀಸರು ಹೊಡೆದರೆ, ಗೂಂಡಾ ಹಿಡಿದರೆ, ಗಿರಾಕಿ ದುಡ್ಡು ಕಿತ್ತುಕೊಂಡರೆ ಆ ನಂಬರಿಗೆ ಕರೆ. ಹಗಲಿರಲಿ ರಾತ್ರಿಯಿರಲಿ ಸಂಘದ ಇಬ್ಬರು ಹೋಗಬೇಕು, ಜೊತೆಗೆ ವಕೀಲರೊಬ್ಬರು. ಒಂದು ಮಳೆಗಾಲದ ರಾತ್ರಿ ಎರಡು ಗಂಟೆಗೆ ಠಾಣೆಯ ಮುಂದೆ ನಾವು ಹನ್ನೊಂದು ಹೆಣ್ಣುಮಕ್ಕಳು ಕುಳಿತಿದ್ದೆವು. ಒಳಗಿದ್ದವಳನ್ನು ಬೆಳಗಿನ ಜಾವ ಬಿಟ್ಟರು. ಮಾರನೇ ವಾರ ಅವಳು ತಾನಾಗಿ ರಕ್ತ ಪರೀಕ್ಷೆಗೆ ಬಂದಳು, ಬರುವಾಗ ನಾಲ್ವರನ್ನು ಕರೆತಂದಳು. ಸಾಹೇಬರು ಹುಡುಕುತ್ತಿದ್ದ ಟಾರ್ಗೆಟ್ ಹುಟ್ಟುತ್ತಿದ್ದುದು ಆ ಠಾಣೆಯ ಮೆಟ್ಟಿಲ ಮೇಲೆ. ಈ ಪತ್ರದ ಬೇರೆಲ್ಲ ಮಾತು ಮರೆತರೂ ಇದೊಂದನ್ನು ತಾವು ನೆನಪಿಡಬೇಕು.

ಅದೇ ಹಣ ಕೆಡಿಸಿದ್ದೂ ಇದೆ. ಅದನ್ನು ಮುಚ್ಚಿಟ್ಟರೆ ನಾನು ಅರ್ಧ ಸತ್ಯ ಬರೆದಂತೆ.

ಹಣದ ಹಿಂದೆ ಫಾರ್ಮ್ ಬಂತು. ಎಷ್ಟು ಕಾಂಡೋಮ್ ಹೋಯಿತು, ಎಷ್ಟು ಜನ ಕ್ಲಿನಿಕ್ಕಿಗೆ ಬಂದರು, ಎಷ್ಟು ಪರೀಕ್ಷೆ ಆಯಿತು. ತಿಂಗಳ ಕೊನೆಯ ನಾಲ್ಕು ದಿನ ನಾವು ಓಣಿಗೆ ಹೋಗುತ್ತಿರಲಿಲ್ಲ, ಕುಳಿತು ಕಾಲಂ ತುಂಬುತ್ತಿದ್ದೆವು. ಒಮ್ಮೆ ದೂರದಿಂದ ಬಂದ ಅಧಿಕಾರಿಗಳ ಮುಂದೆ ಒಬ್ಬ ತಾಯಿ ಎದ್ದು ನಿಂತಳು: "ನನ್ನ ಮಗಳ್ನ ಸಾಲ್ಯಾಗ ಕಡೀಗೆ ಕುಂದರಸ್ತಾರ್ರಿ. ಅದನ್ನೂ ನಿಮ್ಮ ಹಾಳ್ಯಾಗ ಬರಕೋರಿ." ಅವರು ತಲೆಯಾಡಿಸಿದರು. ಅದಕ್ಕೆ ಕಾಲಂ ಇರಲಿಲ್ಲ. ರೇಷನ್ ಕಾರ್ಡ್ ಇಲ್ಲದ್ದಕ್ಕೂ, ಬಡ್ಡಿಯವನ ಕಾಟಕ್ಕೂ, ವಯಸ್ಸಾಗಿ ಗಿರಾಕಿ ಬಿಟ್ಟ ಮೇಲೆ ಊಟಕ್ಕೇನು ಎಂಬುದಕ್ಕೂ ಇರಲಿಲ್ಲ. ಸೋಂಕು ಇವರಿಂದ ಬೇರೆಯವರಿಗೆ ಹೋಗದಂತೆ ತಡೆಯುವುದಕ್ಕೆ ಹಣ ಬಂದಿತ್ತು. ಇವರೂ ಯಾರದೋ ತಾಯಂದಿರು ಎಂಬ ಲೆಕ್ಕಕ್ಕೆ ಅದರಲ್ಲಿ ಸ್ವಲ್ಪವೇ ಜಾಗ. ಗಂಡನಿಂದ ಸೋಂಕು ತಗುಲಿದ ರೈತರ ಮನೆಯ ಹೆಣ್ಣುಮಕ್ಕಳಂತೂ ನಮ್ಮ ಪಟ್ಟಿಯಲ್ಲೇ ಬರುತ್ತಿರಲಿಲ್ಲ. ಅವರು ನನ್ನ ಕಣ್ಣೆದುರು ಸೊರಗುತ್ತಿದ್ದರೂ ನಾನು ಅವರ ಮನೆಗೆ ಹೋಗುತ್ತಿದ್ದುದು ಭಾನುವಾರ, ನನ್ನ ಸ್ವಂತ ಸಮಯದಲ್ಲಿ.

ಹಣದ ಹಿಂದೆ ಸಂಬಳದ ತಾರತಮ್ಯವೂ ಬಂತು. ಯೋಜನೆಗಳ ಸಂಬಳ ಚೆನ್ನಾಗಿತ್ತು. ಸರ್ಕಾರಿ ದವಾಖಾನೆಗಳಲ್ಲಿ ಗುತ್ತಿಗೆ ಮೇಲಿದ್ದ ಒಳ್ಳೆಯ ಲ್ಯಾಬ್ ಟೆಕ್ನಿಷಿಯನ್, ನರ್ಸ್ ಹಲವರು ಇತ್ತ ಬಂದರು. ಯೋಜನೆ ಮುಗಿದಾಗ ಅವರು ಹಳೆಯ ಕೆಲಸಕ್ಕೆ ಮರಳಲಿಲ್ಲ, ಬೆಂಗಳೂರಿಗೆ ಹೋದರು.

ಷರತ್ತುಗಳ ವಿಷಯ ಇನ್ನೂ ಕಹಿ. ಅಮೆರಿಕ 2003ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, ಅದರ ಏಡ್ಸ್ ಹಣ ಪಡೆಯುವ ಸಂಸ್ಥೆ ತಾನು ವೇಶ್ಯಾವಾಟಿಕೆಯನ್ನು ವಿರೋಧಿಸುತ್ತೇನೆ ಎಂದು ನೀತಿಯಾಗಿ ಒಪ್ಪಿಕೊಳ್ಳಬೇಕಿತ್ತು. ಯಾವ ಹೆಣ್ಣುಮಕ್ಕಳ ಜೊತೆ ಕುಳಿತು ಕೆಲಸ ಮಾಡಬೇಕೋ ಅವರ ಬದುಕನ್ನೇ ಖಂಡಿಸುತ್ತೇನೆಂದು ಬರೆದುಕೊಟ್ಟು ಅವರ ಮನೆಗೆ ಹೋಗುವುದು ಹೇಗೆ? ಗಡಿಯಾಚೆ ಸಾಂಗ್ಲಿಯಲ್ಲಿದ್ದುಕೊಂಡು ನಮ್ಮ ನಿಪ್ಪಾಣಿಯ ಹೆಣ್ಣುಮಕ್ಕಳ ನಡುವೆಯೂ ಕೆಲಸ ಮಾಡುವ ಸಂಗ್ರಾಮ್ ಸಂಸ್ಥೆ 2005ರಲ್ಲಿ ಆ ಹಣವನ್ನೇ ಬೇಡವೆಂದಿತು. ಅದೇ ವರ್ಷ ಬ್ರೆಜಿಲ್ ದೇಶ ಇದೇ ಕಾರಣಕ್ಕೆ 4 ಕೋಟಿ ಡಾಲರ್ ನಿರಾಕರಿಸಿತು. ನಮಗೆ ಬಂದ ಹಣಕ್ಕೆ ಆ ಷರತ್ತು ಇರಲಿಲ್ಲ, ಅದು ನಮ್ಮ ಪುಣ್ಯ. ಒಂದು ಜಿಲ್ಲೆಯ ಹೆಣ್ಣುಮಕ್ಕಳ ಜೀವ ಯಾವ ದೇಶದ ಯಾವ ಸಭೆಯ ಮಾತಿಗೆ ಸಿಕ್ಕಿಬೀಳುತ್ತದೆ ಎಂಬುದು ಪುಣ್ಯದ ಲೆಕ್ಕವಾಗಬಾರದು.

ಇನ್ನು ಹಣ ಹೋದ ಬಗೆ. ಆವಾಹನ್ ತನ್ನ ಯೋಜನೆಗಳನ್ನು 2009, 2011, 2012ರಲ್ಲಿ ಮೂರು ಕಂತುಗಳಾಗಿ ಸರ್ಕಾರಕ್ಕೆ ಒಪ್ಪಿಸಿತು. ಒಪ್ಪಿಸಿ ಹೋದದ್ದು ದೊಡ್ಡ ವಿಷಯ, ಅನೇಕ ದಾನಿಗಳು ಅಷ್ಟೂ ಮಾಡುವುದಿಲ್ಲ. 'ಹಸ್ತಾಂತರ' ಎನ್ನುವ ಪದವನ್ನು ನಾವು ಆಗಲೇ ಕಲಿತದ್ದು. ಬಹಳ ಸಭೆಗಳಾದವು, ಬಹಳ ತರಬೇತಿಗಳಾದವು. ಒಂದು ಸಭೆಯಲ್ಲಾದರೂ ಯಾರಾದರೂ ನಮ್ಮ ಹೆಣ್ಣುಮಕ್ಕಳನ್ನು ಕೂರಿಸಿ, "ಇಷ್ಟು ಹಣ ಕಡಿಮೆಯಾಗುತ್ತದೆ, ಏನು ಉಳಿಸಿಕೊಳ್ಳೋಣ, ಏನು ಬಿಡೋಣ" ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದ್ದರೆ ಅವರು ತರಬೇತಿ ಬಿಡಿ, ಕೋಣೆ ಉಳಿಸಿ ಎನ್ನುತ್ತಿದ್ದರು.

ಕಾಂಡೋಮ್ ಉಳಿಯಿತು. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಉಳಿಯಿತು. ಟಾರ್ಗೆಟ್ ಉಳಿಯಿತು. ನಮ್ಮ ಕ್ಲಿನಿಕ್ ಮುಚ್ಚಿ, ದೊಡ್ಡ ದವಾಖಾನೆಗೆ ಹೋಗಿ ಎಂದರು. ಅಲ್ಲಿ ಚೀಟಿ ಮಾಡಿಸುವ ಕಿಟಕಿಯ ಮುಂದೆ ಇಡೀ ಊರು ನಿಂತಿರುತ್ತದೆ. ಮಹಡಿಯ ಕೋಣೆ ಹೋಗಿ, ಇನ್ನೊಂದು ಕಡೆ ಕಚೇರಿಯ ಮೂಲೆಯಲ್ಲಿ ಎರಡು ಕುರ್ಚಿ ಬಂದವು. ಅಲ್ಲಿ ಮಲಗಲು ಬರುವುದಿಲ್ಲ. ರಾತ್ರಿ ಕರೆಗೆ ಓಡುತ್ತಿದ್ದವರ ಆಟೋ ಬಾಡಿಗೆಗೆ, ಫೋನಿನ ಕರೆನ್ಸಿಗೆ, ವಕೀಲರ ಫೀಸಿಗೆ ಹೊಸ ಲೆಕ್ಕದಲ್ಲಿ ತಲೆಬರಹವೇ ಸಿಗಲಿಲ್ಲ. ಕೆಲವು ತಿಂಗಳು ಸಂಘದವರು ಕೈಯಿಂದ ಹಾಕಿದರು. ಆಮೇಲೆ ಫೋನ್ ಎತ್ತುವವರು ಕಡಿಮೆಯಾದರು.

ಅಷ್ಟರಲ್ಲಿ 2014 ಬಂತು. ಅಲ್ಲಿಯವರೆಗೆ ದೆಹಲಿಯಿಂದ ನೇರವಾಗಿ ರಾಜ್ಯಗಳ ಏಡ್ಸ್ ಸೊಸೈಟಿಗಳಿಗೆ ಬರುತ್ತಿದ್ದ ಹಣ ರಾಜ್ಯ ಖಜಾನೆಗಳ ಮೂಲಕ ಬರಬೇಕೆಂದು ಕೇಂದ್ರ ತೀರ್ಮಾನಿಸಿತು. ಅನೇಕ ರಾಜ್ಯಗಳಲ್ಲಿ ಹಣ ದಾರಿಯಲ್ಲೇ ನಿಂತಿತು. ಮರುವರ್ಷದ ಕೇಂದ್ರ ಬಜೆಟ್ಟಿನಲ್ಲಿ ಏಡ್ಸ್ ಕಾರ್ಯಕ್ರಮದ ಪಾಲು ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕಡಿತವಾಯಿತು. ನಮಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ನಾನು ಕಿವಿಯೋಲೆ ಅಡವಿಟ್ಟೆ. ಪಿಯರ್‌ಗಳಲ್ಲಿ ಒಬ್ಬಳು, ಹೆಸರು ಹೇಳಲಾರೆ, ಗೌರವಧನ ನಿಂತ ಮೇಲೆ ಮತ್ತೆ ರಾತ್ರಿ ಹೆದ್ದಾರಿಗೆ ಹೋದಳು. ಕಾಂಡೋಮ್ ಇಲ್ಲದೆ ಬಾ, ಹೆಚ್ಚು ಕೊಡುತ್ತೇನೆ ಎಂದವನಿಗೆ ಎಂಟು ವರ್ಷ ಇಲ್ಲ ಎಂದಿದ್ದವಳು ಆ ಬೇಸಿಗೆಯಲ್ಲಿ ಒಪ್ಪಿದಳು. 2015ರ ಪರೀಕ್ಷೆಯಲ್ಲಿ ಅವಳ ಫಲಿತಾಂಶ ಪಾಸಿಟಿವ್ ಬಂತು. ಆ ಚೀಟಿಯನ್ನು ಕೈಯಲ್ಲಿ ಹಿಡಿದು ಅವಳು ನನ್ನನ್ನು ಬೈಯಲಿಲ್ಲ, ಯಾರನ್ನೂ ಬೈಯಲಿಲ್ಲ. ನಾನು ಆ ವರ್ಷವೇ ಕೆಲಸ ಬಿಟ್ಟೆ.

ಆ ಹಣಕಾಸಿನ ಪದ್ಧತಿ ಮುಂದೆ ಬದಲಾಯಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಿದ್ದುಪಡಿ ಬಂದು, ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವುದು ನಿಂತಿತು. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಬಂದ ಹಣದಲ್ಲಿ ಒಂದು ಹನಿ ತಾಲ್ಲೂಕಿನ ಸಣ್ಣ ಸಂಘಕ್ಕೆ ಹರಿಯುತ್ತಿದ್ದ ದಾರಿ ಅದು. ಸ್ವಂತವಾಗಿ ದೆಹಲಿಯ ಬ್ಯಾಂಕಿನಲ್ಲಿ ಖಾತೆ ತೆರೆದು, ನೋಂದಣಿ ಮಾಡಿಸಿ, ವರ್ಷವರ್ಷ ಲೆಕ್ಕ ಸಲ್ಲಿಸುವ ಶಕ್ತಿ ಹೆಬ್ಬೆಟ್ಟು ಒತ್ತುವ ಹೆಣ್ಣುಮಕ್ಕಳ ಸಂಘಕ್ಕೆ ಎಲ್ಲಿಂದ ಬರಬೇಕು?

ಕಳೆದ ವರ್ಷಗಳ ಸುದ್ದಿ ತಾವೂ ಓದಿರುತ್ತೀರಿ. 2025ರ ಜನವರಿ 20ರಂದು ಅಮೆರಿಕದ ಹೊಸ ಅಧ್ಯಕ್ಷರು ಒಂದು ಸಹಿಯಿಂದ ವಿದೇಶಿ ನೆರವನ್ನು ತಡೆಹಿಡಿದರು. ಜುಲೈ 1ಕ್ಕೆ ಯುಎಸ್‌ಏಡ್ ಎನ್ನುವ ಸಂಸ್ಥೆಯ ಕೆಲಸವೇ ಮುಗಿಯಿತು. ಆಫ್ರಿಕದ ದೇಶಗಳಲ್ಲಿ ಲಕ್ಷಾಂತರ ಜನರ ಚಿಕಿತ್ಸೆ ಆ ಹಣದ ಮೇಲೆ ನಿಂತಿತ್ತು. ನಮ್ಮ ನೆರೆಯ ಹೈದರಾಬಾದಿನಲ್ಲಿ 2021ರಲ್ಲಿ ತೆರೆದ, ಟ್ರಾನ್ಸ್‌ಜೆಂಡರ್ ಸಮುದಾಯಕ್ಕಾಗಿಯೇ ಇದ್ದ ದೇಶದ ಮೊದಲ ಕ್ಲಿನಿಕ್ 'ಮಿತ್ರ್' ಬಾಗಿಲು ಹಾಕಿತು. ಕೆಲವು ತಿಂಗಳ ನಂತರ ಟಾಟಾ ಟ್ರಸ್ಟ್ಸ್ ನೆರವಿನಿಂದ ಬೇರೆ ಹೆಸರಲ್ಲಿ ಅದು ಮತ್ತೆ ತೆರೆಯಿತು ಎಂದು ತಿಳಿದು ಸಂತೋಷಪಟ್ಟೆ. ನಡುವಿನ ಆ ತಿಂಗಳುಗಳಲ್ಲಿ ಬಾಗಿಲ ತನಕ ಬಂದು ತಿರುಗಿ ಹೋದವರು ಮತ್ತೆ ಬಂದರೇ ಎಂಬುದೇ ನನ್ನ ಚಿಂತೆ. ಅವಮಾನ ನುಂಗಿ ಒಮ್ಮೆ ಬಂದವರು ಎರಡನೇ ಸಲ ಬರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ಇಷ್ಟೆಲ್ಲ ಕೇಳಿದ ಮೇಲೆ, ಈಗ ಭಾರತದ ಕಾರ್ಯಕ್ರಮ ಹೆಚ್ಚಿನಂಶ ನಮ್ಮದೇ ಹಣದಲ್ಲಿ ನಡೆಯುತ್ತಿದೆಯಲ್ಲ ಎಂದು ತಾವು ಕೇಳಬಹುದು. ನಿಜ. 2021ರಿಂದ 2026ರವರೆಗಿನ ಐದನೇ ಹಂತಕ್ಕೆ ಕೇಂದ್ರ ಸರ್ಕಾರ 15,471.94 ಕೋಟಿ ರೂಪಾಯಿ ಒಪ್ಪಿದೆ. ಅದಕ್ಕಾಗಿ ಹೆಮ್ಮೆಪಡುತ್ತೇನೆ. 2004ರ ಏಪ್ರಿಲ್‌ನಲ್ಲಿ ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಶುರುವಾದ ಉಚಿತ ಎಆರ್‌ಟಿ ಇವತ್ತು ನಮ್ಮ ಜಿಲ್ಲೆಯವರೆಗೆ ಬಂದಿದೆ. ಆ ಮಾತ್ರೆ ನಮ್ಮ ದೇಶದ ಕಂಪನಿಗಳೇ ಮಾಡುವ ಮಾತ್ರೆ. ದೇಶದಲ್ಲಿ ಹೊಸ ಸೋಂಕು 2010ಕ್ಕೆ ಹೋಲಿಸಿದರೆ 2023ರ ಹೊತ್ತಿಗೆ ಶೇ 44ರಷ್ಟು ಇಳಿದಿದೆ.

ಆದರೆ ನಮ್ಮ ಸ್ವಂತ ಹಣವೂ ನಿಲ್ಲುತ್ತದೆ ಎಂಬುದನ್ನು 2014 ತೋರಿಸಿತು. 2022ರ ಜುಲೈನಲ್ಲಿ ಮಾತ್ರೆಯ ಕೊರತೆಯಾಗಿ ಎಚ್‌ಐವಿ ಇರುವವರೇ ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಕಚೇರಿಯ ಮುಂದೆ ವಾರಗಟ್ಟಲೆ ಧರಣಿ ಕುಳಿತರು. ಆ ತಿಂಗಳು ನಮ್ಮ ಊರಿನ ಒಬ್ಬಾಕೆ ತನ್ನ ಮಾತ್ರೆ ಡಬ್ಬಿಯನ್ನು ಇನ್ನೊಬ್ಬಳ ಜೊತೆ ಹಂಚಿಕೊಂಡಳು. ಹಣ ಯಾವ ದೇಶದ್ದೇ ಆಗಲಿ, ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವ ಕೋಣೆಯಲ್ಲಿ ಈ ಹೆಣ್ಣುಮಕ್ಕಳು ಇಲ್ಲ. ಮೊದಲು ಆ ಕೋಣೆ ಗೇಟ್ಸ್ ಪ್ರತಿಷ್ಠಾನದ ಕಚೇರಿಯಿರುವ ಸಿಯಾಟಲ್‌ನಲ್ಲಿತ್ತು, ಈಗ ದೆಹಲಿಯಲ್ಲಿದೆ. ನಮ್ಮ ಮಟ್ಟಿಗೆ ಎರಡೂ ದೂರವೇ.

ಕರ್ನಾಟಕದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಗಳ ನಂತರ ನಾವೇ. ಇವರು ಕರ್ನಾಟಕದ ಮತದಾರರು, ತಮ್ಮ ಕ್ಷೇತ್ರದವರು. ಅದರಾಗ ನಮ್ದೇನೈತ್ರವ್ವ ಎಂದು ಕೇಳಿದ ಆ ಶಾಸಕರಿಗೆ ನಾನು ಕೊಡುವ ಉತ್ತರ ಇದು.

ಆದ್ದರಿಂದ ತಮ್ಮಲ್ಲಿ ಕೆಲವು ಬೇಡಿಕೆಗಳಿವೆ.

ರಾಜ್ಯ ಬಜೆಟ್ಟಿನಲ್ಲಿ ಸಮುದಾಯದ ಸಂಘಗಳಿಗಾಗಿ ಒಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಿಸಿ. ಮಾತ್ರೆ, ಪರೀಕ್ಷೆಗೆ ಕೇಂದ್ರದ ಹಣವಿದೆ. ಕೇಂದ್ರದ ಲೆಕ್ಕದಲ್ಲಿ ಜಾಗ ಸಿಗದ ಮೂರು ಸಂಗತಿಗೆ ರಾಜ್ಯ ಕೈಹಾಕಲಿ: ಮಲಗಲು ಆಗುವಂಥ ಒಂದು ಕೋಣೆಯ ಬಾಡಿಗೆ, ರಾತ್ರಿ ಕರೆಗೆ ಓಡುವವರ ಖರ್ಚು ಮತ್ತು ವಕೀಲರು, ಎಆರ್‌ಟಿ ಸೆಂಟರಿಗೆ ಹೋಗಿಬರುವ ಬಸ್ ಚಾರ್ಜು. ಮಹಿಳೆಯರಿಗೆ ಬಸ್ಸು ಈಗ ಉಚಿತ, ಅದು ದೊಡ್ಡ ಉಪಕಾರ. ಗಂಡಸರಿಗೆ, ಲಿಂಗತ್ವ ಅಲ್ಪಸಂಖ್ಯಾತರ ಪೈಕಿ ದಾಖಲೆ ಇಲ್ಲದವರಿಗೆ, ಬಸ್ಸೇ ಬಾರದ ಹಳ್ಳಿಯಿಂದ ಟಂಟಂ ಹಿಡಿದು ಬರುವವರಿಗೆ ಖರ್ಚು ತಪ್ಪಿಲ್ಲ. ಈ ಹಣವನ್ನು ಮೂರು ವರ್ಷಕ್ಕೆ ಒಮ್ಮೆ ಮಂಜೂರು ಮಾಡಿ, ಪ್ರತಿ ತ್ರೈಮಾಸಿಕದ ಮೊದಲೇ ಬಿಡುಗಡೆ ಮಾಡಬೇಕು. ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ ಕೊಡಿ ಎಂದರೆ ಕಿವಿಯೋಲೆ ಅಡವಿಡುವವರೇ ಮತ್ತೆ ಅಡವಿಡುತ್ತಾರೆ.

2001ರಿಂದ ಈಚೆಗೆ ರಾಜ್ಯಕ್ಕೆ ಬಂದ ಪ್ರತಿ ವಿದೇಶಿ ಎಚ್‌ಐವಿ ಯೋಜನೆ ಏನು ಕಟ್ಟಿತು, ಅದರಲ್ಲಿ ಇವತ್ತು ಏನು ಉಳಿದಿದೆ ಎಂಬ ವರದಿಯನ್ನು ಸದನದಲ್ಲಿ ಮಂಡಿಸಿ ಎಂದು ಸರ್ಕಾರವನ್ನು ಕೇಳಿ. ಎಷ್ಟು ಸೆಂಟರ್ ಇದ್ದವು, ಎಷ್ಟು ಮುಚ್ಚಿದವು, ಯಾವ ಸಂಘಗಳು ಇನ್ನೂ ಜೀವಂತವಾಗಿವೆ. ಮುಂದೆ ಯಾವ ದಾನಿ ಬಂದರೂ, ಹೋಗುವಾಗ ಏನು ಬಿಟ್ಟುಹೋಗುತ್ತೇನೆ ಎಂಬುದನ್ನು ಬರುವ ದಿನವೇ ಬರೆದುಕೊಡಲಿ. ಆ ಕಾಗದದ ಮೇಲೆ ಸಂಘದ ಹೆಣ್ಣುಮಕ್ಕಳ ಸಹಿಯೋ ಹೆಬ್ಬೆಟ್ಟೋ ಇರಲಿ.

ಮಾತ್ರೆಯ ದಾಸ್ತಾನು ಮೂರು ತಿಂಗಳಿಗಿಂತ ಕೆಳಗೆ ಇಳಿದರೆ, ಕೇಂದ್ರದ ದಾರಿ ನೋಡದೆ ರಾಜ್ಯವೇ ಖರೀದಿಸುವ ಅಧಿಕಾರ ಮತ್ತು ಹಣ ಎರಡನ್ನೂ ಮೊದಲೇ ತೆಗೆದಿಡಬೇಕು. ಕಬ್ಬು ಕಟಾವಿಗೆ, ಗೋವಾದ ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಹೋಗುವ ಮುನ್ನವೇ ಮೂರು ತಿಂಗಳ ಗುಳಿಗೆ ಕೈಗೆ ಸಿಗಬೇಕು.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಾರತಮ್ಯದ ದೂರು ಕೇಳಲು ಪ್ರತಿ ರಾಜ್ಯದಲ್ಲಿ ಓಂಬುಡ್ಸ್‌ಮನ್ ಇರಬೇಕೆಂದು ಅದು ಹೇಳುತ್ತದೆ. ನಾನು ಮಾತಾಡಿಸಿದ ಒಬ್ಬ ಹೆಣ್ಣುಮಗಳಿಗೂ ಅಂಥದೊಂದು ಹುದ್ದೆ ಇದೆಯೆಂದು ಗೊತ್ತಿಲ್ಲ. ಆ ಅಧಿಕಾರಿಯ ಹೆಸರು, ಫೋನ್ ನಂಬರ್ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಪ್ರತಿ ಎಆರ್‌ಟಿ ಸೆಂಟರಿನ, ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಇರಲಿ. ಮಗಳನ್ನು ಶಾಲೆಯಲ್ಲಿ ಕಡೆಗೆ ಕೂರಿಸುತ್ತಾರೆ ಎಂದು ಅಂದು ಎದ್ದು ನಿಂತು ಹೇಳಿದ ತಾಯಿಗೆ ಆಗ ಕಾನೂನು ಇರಲಿಲ್ಲ. ಈಗ ಇದೆ.

ಕೊನೆಯದಾಗಿ, ಚಳಿಗಾಲದ ಅಧಿವೇಶನಕ್ಕೆ ತಾವೆಲ್ಲ ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಉತ್ತರ ಕರ್ನಾಟಕದ ಸಮಸ್ಯೆಗಳ ಚರ್ಚೆಗೆಂದೇ ಅಲ್ಲಿ ದಿನಗಳನ್ನು ಮೀಸಲಿಡುತ್ತೀರಿ. ಅದರಲ್ಲಿ ಒಂದು ಗಂಟೆಯನ್ನು, ಪತ್ರಕರ್ತರೂ ಕ್ಯಾಮೆರಾಗಳೂ ಇಲ್ಲದ ಒಂದು ಸಮಿತಿ ಕೋಣೆಯಲ್ಲಿ, ನಮ್ಮ ಹೆಣ್ಣುಮಕ್ಕಳಿಗೆ ಕೊಡಿ. ನಮ್ಮ ಜಿಲ್ಲೆಯ ಆರೋಗ್ಯ ಅಧಿಕಾರಿಗಳ ಮೂಲಕ ಒಂದು ಮಾತು ಹೇಳಿ ಕಳಿಸಿದರೆ ಸಾಕು, ಸಂಘಕ್ಕೆ ತಲುಪುತ್ತದೆ. ಮುಖ ತೋರಿಸಲು ಸಿದ್ಧರಿರುವವರನ್ನೇ ಕರೆತರುತ್ತೇನೆ. ರಂಗೋಲಿಯಿಂದ ಹಾಳೆಗೆ ಇಳಿಸಿದ ಆ ಹಳೆಯ ನಕ್ಷೆಗಳು ನನ್ನ ಮನೆಯ ಟ್ರಂಕಿನಲ್ಲಿವೆ. ಅದರಲ್ಲಿ ಯಾರ ಹೆಸರೂ ಇಲ್ಲ, ಬರೀ ಚುಕ್ಕಿ, ಹೂವು, ದೀಪದ ಗುರುತು. ಅವನ್ನೂ ತರುತ್ತೇನೆ. ನಮ್ಮೂರಿನಿಂದ ಬೆಳಗಾವಿಗೆ ಬೆಳಗ್ಗೆ ಆರಕ್ಕೆ ಮೊದಲ ಬಸ್ಸಿದೆ.

ತಮ್ಮ ವಿಶ್ವಾಸಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ಮಾಜಿ ಔಟ್‌ರೀಚ್ ವರ್ಕರ್